ರತ್ನಕ್ಕನಿಗೆ ಮೌನಾಚರಣೆ

ಮೂಗು ಕಟ್ಟಿದವನ ಹಾಗೆ ಮಾತಾಡುವುದೇ ಸರಿ ಎಂದು ಬಸ್ಸು ರಾಮನಗರ ದಾಟುವ ಮೊದಲೇ ಜಯಕುಮಾರ ತೀರ್ಮಾನಿಸಿಬಿಟ್ಟಿದ್ದ. ಗಂಟಲು ಕೆಟ್ಟಿದೆ ಅಂದರೆ ನಾಲ್ಕು ಮಾತಿಗೆ ಮುಗಿಸಬೇಕಾಗುತ್ತದೆ. ನೆಗಡಿಯಾದರೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು, ಜನರೂ ಗೌರವದಿಂದ ಒಂದಿಷ್ಟು ದೂರವೇ ಇರುತ್ತಾರೆ. ಕಿಟಕಿಯ ಕಡೆಗೆ ಮುಖ ತಿರುಗಿಸಿ, 'ಬಾನ್ಯ ಪ್ರಾಂಶುಪಾಲರೇ, ದದ್ದ ವಿದ್ಯಾರ್ಥಿ ಬಿತ್ರರೇ' ಎಂದು ಒಂದೆರಡು ಸಲ ಮೆಲ್ಲಗೆ ಹೇಳಿ ನೋಡಿದ. ಪಕ್ಕದಲ್ಲಿ ಸೀಬೆಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ ಹೆಂಗಸು ಕಣ್ಣು ಬಿಟ್ಟು, 'ಅಯ್ಯೋ, ಮೂಗು ಪೂರ್ತಿ ಕಟ್ಕಂಡದಲ್ಲಪ್ಪಾ. ಬಿಸಿನೀರ್ಗೆ ಒಸಿ ನೀಲಗಿರಿ ಎಣ್ಣೆ ಹಾಕಿ ಆವಿ ತಕ್ಕೊ' ಅಂದಳು. ಅವನಿಗೆ ನಿಜವಾಗಿ ಸಂತೋಷವಾಯಿತು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಂವಹನ ಶಾಸ್ತ್ರ ಓದಿ ಎಂ.ಎ. ಪಡೆದ ಮೇಲೆ, ಅವನು ಕಳಿಸಿದ ಸಂದೇಶವೊಂದು ಕಳಿಸಿದ ಹಾಗೆಯೇ ಹೋಗಿ ಮುಟ್ಟಿದ್ದು ಇದೇ ಮೊದಲು ಅನ್ನಿಸಿತು. ಆಕೆ ಬುಟ್ಟಿಯನ್ನು ಅವನಿಂದ ಆಚೆಗೆ ಸರಿಸಿಕೊಂಡಳು. ಅದಕ್ಕೆ ಪಾಠದಲ್ಲಿ ಪ್ರತಿಕ್ರಿಯೆ ಎನ್ನುತ್ತಿದ್ದರು.

'ನೀನು ಬರಲೇಬೇಕು ಕಣೋ' ಎಂದು ಮುಬಶ್ಶಿರಾ ಫೋನಿನಲ್ಲಿ ಹೇಳಿದ್ದಳು. 'ಬೇರೆ ಯಾರೂ ಸಿಗಲಿಲ್ಲ ಅಂತ ಕರೀತಿಲ್ಲ.' ಮರುಗಳಿಗೆಗೆ ತಾನೇ, 'ಬೇರೆ ಯಾರೂ ಸಿಗಲಿಲ್ಲ' ಅಂದಿದ್ದಳು. ಎಂ.ಎ.ಯಲ್ಲಿ ಅವನ ಪಕ್ಕದ ಬೆಂಚಿನವಳು. ಈಗ ಕನಕಪುರದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮದ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಎಷ್ಟು ಒಳ್ಳೆಯ ಪದ. ಅತಿಥಿಗೆ ಕುರ್ಚಿ ಕೊಡುತ್ತಾರೆ, ಕಾಫಿ ಕೊಡುತ್ತಾರೆ, ಯಾವಾಗ ಹೊರಡುತ್ತೀರಿ ಎಂದೂ ಕೇಳುತ್ತಾರೆ. ಈ ವರ್ಷ ಬಿ.ಎ.ಗೆ ಸೇರಿದ ಮಕ್ಕಳು ಮೂರು ವಿಷಯ ಆರಿಸಿಕೊಳ್ಳಬೇಕಿತ್ತು. ಅವರಲ್ಲಿ ಹದಿನೈದು ಜನವಾದರೂ ಪತ್ರಿಕೋದ್ಯಮ ಬೇಕು ಎನ್ನದಿದ್ದರೆ ಆ ವಿಷಯವನ್ನೇ ಮುಚ್ಚುವುದಾಗಿ ಪ್ರಾಂಶುಪಾಲರು ಹೇಳಿದ್ದರು. ಮುಚ್ಚಿದರೆ ಅತಿಥಿ ಮನೆಗೆ. ಬೇಕು ಎಂದವರು ಸದ್ಯಕ್ಕೆ ಬೆರಳೆಣಿಕೆಯಷ್ಟು, ಅವರಲ್ಲೂ ಕೆಲವರು ಬಿ.ಕಾಂ. ಸೀಟು ಸಿಕ್ಕಿದ ಮರುಗಳಿಗೆ ಓಡುವವರು. ಅವಳು ಮೊದಲು ತಮ್ಮ ಬ್ಯಾಚಿನ ಮಹೇಂದ್ರನನ್ನು ಕರೆದಿದ್ದಳಂತೆ. ಟೀವಿಯಲ್ಲಿ ಒಂದಷ್ಟು ದಿನ ಕಿರುಚಿ, ಈಗ ಕನಕಪುರ ರಸ್ತೆಯಲ್ಲಿ ಸೈಟು ಮಾರುತ್ತಿದ್ದವನು, ಬಂದ ಮಕ್ಕಳಿಗೆಲ್ಲ ಲೇಔಟಿನ ಕರಪತ್ರ ಹಂಚಲು ಬಿಟ್ಟರೆ ಬರುತ್ತೇನೆ ಅಂದ. ಅದೇ ಬ್ಯಾಚಿನ ಸುಹೇಲ್ ಡ್ರೋನ್ ಹಾರಿಸುತ್ತ ಮದುವೆಗಳ ಮೇಲೆಯೇ ಇದ್ದ, ಕೆಳಗಿಳಿಯಲು ಪುರುಸೊತ್ತಿರಲಿಲ್ಲ. 'ಉದ್ಯೋಗಾವಕಾಶಗಳ ಬಗ್ಗೆ ಮಾತಾಡು' ಅಂದಳು. 'ಯಾರ ಉದ್ಯೋಗಾವಕಾಶ?' ಎಂದು ಇವನು ಕೇಳಿದ. 'ಸದ್ಯಕ್ಕೆ ನನ್ನದು' ಅಂದವಳು ದನಿ ತಗ್ಗಿಸಿ, 'ಒಂದೇ ಮಾತು. ಅಲ್ಲಿ ರತ್ನಕ್ಕನ ವಿಷಯ ಬಾಯಿಬಿಡಬಾರದು. ಅಣ್ಣನ ವಿಷಯಾನೂ' ಎಂದು ಸೇರಿಸಿದ್ದಳು.

ಅಣ್ಣ ಇವನೇ. ಎಂ.ಎ. ಮುಗಿದ ಬೇಸಿಗೆಯಲ್ಲಿ, ಇಬ್ಬರಿಗೂ ಎಲ್ಲಿಂದಲೂ ಕರೆ ಬರದೆ ಇದ್ದಾಗ, ಮಾಗಡಿಯ ಒಂದು ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ ಸ್ಟುಡಿಯೋ ಎಂದು ಹೆಸರಿಟ್ಟ ಜಾಗದಲ್ಲಿ, ಕಸದ ಗಾಡಿಯ ಮೈಕಿಗೆಂದು ಇಬ್ಬರೂ ದನಿ ಕೊಟ್ಟಿದ್ದರು. ಬರೆದವನೂ ಇವನೇ. ಒಬ್ಬ ಗಂಡಸು ಗಂಟಲು ತುಂಬಿ, 'ನಾಗರಿಕ ಬಂಧುಗಳೇ, ಕಸದ ಗಾಡಿ ನಿಮ್ಮ ಮನೆ ಬಾಗಿಲಿಗೆ ಬಂದಿದೆ' ಎನ್ನುತ್ತಾನೆ. ಒಬ್ಬ ಹೆಂಗಸು, 'ಅಣ್ಣಾ, ಬಾಳೆಹಣ್ಣಿನ ಸಿಪ್ಪೆ ಹಸಿನೋ ಒಣವೋ?' ಎಂದು ರಾಗ ಎಳೆಯುತ್ತಾಳೆ. 'ಹಸಿ ಕಸ ರತ್ನಕ್ಕಾ, ಹಸಿ ಕಸ!' 'ಹಾಲಿನ ಕವರು ಅಣ್ಣಾ?' 'ಒಣ ಕಸ ರತ್ನಕ್ಕಾ, ಒಣ ಕಸ!' ಕೊನೆಗೆ ರತ್ನಕ್ಕ, 'ಅಯ್ಯೋ, ನಾನು ಎಲ್ಡೂವೆ ಒಂದೇ ಬಕೆಟ್ಗೆ ಹಾಕ್ಬುಟ್ಟಿದ್ನಲ್ಲಣ್ಣಾ!' ಎಂದು ಕಿಸಕ್ಕನೆ ನಗುತ್ತಾಳೆ. ಆ ನಗು ಬರೆದದ್ದಲ್ಲ. ಮೊಟ್ಟೆ ಟ್ರೇಯೊಂದು ಇವನ ತಲೆಯ ಮೇಲೆ ಬಿದ್ದದ್ದಕ್ಕೆ ಮುಬಶ್ಶಿರಾ ನಕ್ಕ ನಗು. ಮಾಗಡಿ ಕಡೆ ನಮ್ಮ ನೆಂಟರು ಯಾರೂ ಇಲ್ಲ, ಅಲ್ಲಿಗೆ ಮಾತ್ರ ಅಂದರೆ ಆಗಲಿ ಎಂದು ಒಪ್ಪಿದ್ದಳು. ಇವನೂ ಅಲ್ಲಿಗೆ ಮಾತ್ರ ಎಂದು ಮಾತು ಕೊಟ್ಟಿದ್ದ. ಆದರೆ ಮಾಗಡಿಯ ಗಾಡಿ ಓಡಿಸುತ್ತಿದ್ದ ಕೆಂಪರಾಜು ದೊಡ್ಡ ಮನಸ್ಸಿನವನು, ಕೇಳಿದ ಡ್ರೈವರುಗಳಿಗೆಲ್ಲ ಪೆನ್‌ಡ್ರೈವ್ ಕೊಟ್ಟ. ರತ್ನಕ್ಕ ಮೊದಲು ರಾಮನಗರಕ್ಕೆ ಬಂದಳು, ಚನ್ನಪಟ್ಟಣಕ್ಕೆ ಹೋದಳು, ಕನಕಪುರ ಸೇರಿದಳು, ಅಲ್ಲಿಂದ ಪಂಚಾಯಿತಿ ಗಾಡಿ ಹತ್ತಿ ಕೋಡಿಹಳ್ಳಿ, ಉಯ್ಯಂಬಳ್ಳಿಯವರೆಗೂ ನಡೆದಳು. ಸಂದೇಶ ಹೇಗೆ ಹರಡುತ್ತದೆ ಎಂಬುದರ ಮೇಲೆ ಅವರಿಗೆ ಒಂದಿಡೀ ಸೆಮಿಸ್ಟರು ಪಾಠವಾಗಿತ್ತು. ಅದರಲ್ಲಿ ಕೆಂಪರಾಜುವಿನ ಪ್ರಸ್ತಾಪವೇ ಇರಲಿಲ್ಲ.

ಅದಾದ ಮೇಲೆ ಮುಬಶ್ಶಿರಾ ಬಹಳ ದಿನ ಇವನ ಫೋನು ಎತ್ತಲಿಲ್ಲ. ಎತ್ತಿದಾಗ ಬೈಯಲೂ ಇಲ್ಲ, ಅದೇ ಇವನನ್ನು ಹೆಚ್ಚು ಚುಚ್ಚಿದ್ದು. ರಾಮನಗರದ ಅವಳ ಮನೆಯ ಮುಂದೆ ಬೆಳಿಗ್ಗೆ ಗಾಡಿ ನಿಂತಾಗ ಅವಳ ತಾಯಿ ಮುನ್ನೀ ಎರಡು ಕೈಯಲ್ಲೂ ಬಕೆಟ್ಟು ಹಿಡಿದು ಬಾಗಿಲಿಗೆ ಬಂದು, 'ನಿಂಗೆ ಎಷ್ಟು ಸಲ ಹೇಳಬೇಕೇ ರತ್ನಕ್ಕ, ಹಾಲಿನ ಕವರು ಒಣ ಕಸ ಅಂತ. ತಲೇಲಿ ಏನು ತುಂಬ್ಕಂಡಿದೀಯ?' ಎಂದು ಗಾಡಿಯನ್ನು ಬೈದು ಒಳಗೆ ಹೋಗುತ್ತಾರಂತೆ. ದಿನಾ ಹೀಗೇ. ಮಗಳು ಒಳಗೆ ತಲೆ ಬಾಚಿಕೊಳ್ಳುತ್ತ ಕೇಳಿಸಿಕೊಳ್ಳುತ್ತಾಳೆ. ಅದನ್ನು ಹೇಳುವಾಗ ಅವಳು ನಕ್ಕಳೋ ಇಲ್ಲವೋ ಫೋನಿನಲ್ಲಿ ತಿಳಿಯಲಿಲ್ಲ. ಇವನ ಪಾಡೇನೂ ಮೇಲಲ್ಲ. ಚನ್ನಪಟ್ಟಣದ ಬಾಡಿಗೆ ರೂಮಿನಲ್ಲಿ ಇವನನ್ನು ದಿನಾ ಬೆಳಿಗ್ಗೆ ಎಬ್ಬಿಸುವುದು ಇವನದೇ ದನಿ. ಎದ್ದು ಹಸಿಯನ್ನೂ ಒಣವನ್ನೂ ಒಂದೇ ಕವರಿಗೆ ತುಂಬಿ, ಗಾಡಿಯವನ ಮುಖ ನೋಡದೆ ಎಸೆದು ಬರುತ್ತಿದ್ದ. ಹಾಲಿನ ಅಂಗಡಿಯಲ್ಲಿ, ಸಲೂನಿನಲ್ಲಿ, ಎಲ್ಲಿ ಯಾರು ಗುರುತು ಹಿಡಿಯುತ್ತಾರೋ ಎಂದು ಪಿಸುಪಿಸು ಮಾತಾಡಿ ಮಾತಾಡಿ, ಬಹಳ ಸೌಮ್ಯ ಸ್ವಭಾವದವನು ಎಂದು ಹೆಸರಾಗಿತ್ತು. ವಿರೂಪಾಕ್ಷಿಪುರದ ಹತ್ತಿರ ಹೆಣ್ಣು ನೋಡಲು ಹೋದಾಗ, ತಾನು ಮಾಧ್ಯಮದಲ್ಲಿರುವುದಾಗಿ ಹುಡುಗಿಯ ಅಪ್ಪನಿಗೆ ಹೇಳಲು ಬಾಯಿ ತೆರೆದದ್ದೇ ತಡ, ಹೊರಗೆ ಪಂಚಾಯಿತಿ ಗಾಡಿ ಬಂದು ನಾಗರಿಕ ಬಂಧುಗಳನ್ನು ಕೂಗತೊಡಗಿತು. ಎರಡೂ ದನಿ ಒಂದೇ ಮನೆಯಲ್ಲಿ ಕೇಳಿಸಬಾರದೆಂದು ಇವನು ಬಾಯಿ ಮುಚ್ಚಿದ. ಗಾಡಿ ಆ ಬೀದಿ ಬಿಟ್ಟು ಹೋಗುವವರೆಗೂ ಕೇಸರಿಬಾತನ್ನು ನೋಡುತ್ತ ಕೂತ. ಹುಡುಗ ಒಂದು ಮಾತಿಗೂ ಬಾಯಿಬಿಡಲ್ಲ, ಏನೋ ಐಬಿರಬೇಕು ಎಂದು ಆಮೇಲೆ ಹೇಳಿ ಕಳಿಸಿದರು.

'ಬನ್ನಿ ಸಾರ್, ಬನ್ನಿ' ಎಂದು ಪ್ರಾಂಶುಪಾಲ ಬೋರಲಿಂಗಯ್ಯನವರು ಕಾಲೇಜಿನ ಮೆಟ್ಟಿಲಲ್ಲೇ ಕೈ ಹಿಡಿದುಕೊಂಡರು. ಅರ್ಥಶಾಸ್ತ್ರದವರು, ಬೆಂಗಳೂರಿನಿಂದ ದಿನಾ ಕಾರಿನಲ್ಲಿ ಬಂದು ಹೋಗುವವರು. ಎಲ್ಲ ಸಮಾರಂಭಗಳಿಗೂ ಸಮನಾಗಿ ಒಪ್ಪುವ, ಸ್ವಲ್ಪ ಮದುವೆಯದು ಸ್ವಲ್ಪ ಸಾವಿನದು ಎನ್ನುವಂಥ ಮುಖ ಅವರದು. 'ನಿಮ್ಮನ್ನ ಟೀವಿಲಿ ನೋಡ್ತಾನೇ ಇರ್ತೀವಿ' ಅಂದರು. ಇವನು ಇದುವರೆಗೆ ಟೀವಿಯಲ್ಲಿ ಬಂದಿರಲಿಲ್ಲ. ಇವನು ಫೋನಿನಲ್ಲೇ ನಡೆಸುತ್ತಿದ್ದ ಊರ ಸುದ್ದಿಯ ಚಾನಲ್ಲನ್ನು ನೋಡುತ್ತಿದ್ದವರಲ್ಲಿ ಅರ್ಧ ಜನ, ಅದರಲ್ಲಿ ತಮ್ಮ ಹುಟ್ಟುಹಬ್ಬದ ಸುದ್ದಿ ಬಂದಿದೆಯೇ ಎಂದು ನೋಡುವವರು. 'ಥ್ಯಾಂಕ್ಸ್ ಸಾರ್, ಒಸಿ ದೆಗಡಿ' ಅಂದ. ಸಭಾಂಗಣದ ಬಾಗಿಲಲ್ಲಿ ಮುಬಶ್ಶಿರಾ ನಿಂತಿದ್ದಳು. ಇವನ ಮೂಗಿನ ಮಾತು ಕೇಳಿ ಅವಳ ಹುಬ್ಬು ಏರಿತು, ಅರ್ಥವಾಗಿ ಇಳಿಯಿತು. 'ವೆಲ್‌ಕಮ್ ಸಾರ್. ಸ್ಟೂಡೆಂಟ್ಸ್ ಆರ್ ವೆಯ್ಟಿಂಗ್' ಅಂದಳು. ಅದು ಅವಳ ಪಾಠದ ದನಿ. ಇಸ್ತ್ರಿ ಮಾಡಿದ್ದು, ಎಲ್ಲೂ ಸುಕ್ಕಿಲ್ಲ. ರತ್ನಕ್ಕನನ್ನು ಅದರೊಳಗೆ ಹುಡುಕಿದರೂ ಸಿಗುವಂತಿರಲಿಲ್ಲ. ಇಷ್ಟು ವರ್ಷ ಈ ಮಕ್ಕಳ ಮುಂದೆ ಹೀಗೆಯೇ ಮಾತಾಡಿರಬೇಕು ಎಂದು ಯೋಚಿಸಿ ಇವನಿಗೆ ಅವಳ ಬಗ್ಗೆ ಅಯ್ಯೋ ಅನ್ನಿಸಿತು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಒಂದು ಬೆರಳಿನ ಉಗುರನ್ನು ಪೂರ್ತಿ ಕಚ್ಚಿದ್ದಳು. ವೇದಿಕೆಯ ಬ್ಯಾನರಿನಲ್ಲಿ ಇವನ ಹೆಸರಿನ ಹಿಂದೆ 'ಖ್ಯಾತ ಮಾಧ್ಯಮ ತಜ್ಞರು' ಎಂದಿತ್ತು. ಇವನ ಫೋಟೋ ಅಡ್ಡಕ್ಕೆ ಎಳೆದಂತಾಗಿ ಮುಖ ಅಗಲವಾಗಿ, ತಜ್ಞನಿಗಿಂತ ಹೆಚ್ಚಾಗಿ ಯಾವುದೋ ಸಹಕಾರಿ ಸಂಘದ ನಿರ್ದೇಶಕನ ಹಾಗೆ ಕಾಣುತ್ತಿದ್ದ.

ಪರಿಚಯ, ಶಾಲು, ಹಾರ, ನೆನಪಿನ ಕಾಣಿಕೆಯಾಗಿ ಒಂದು ಚನ್ನಪಟ್ಟಣದ ಬೊಂಬೆ. ಚನ್ನಪಟ್ಟಣದಿಂದ ಬಂದವನಿಗೆ ಚನ್ನಪಟ್ಟಣದ ಬೊಂಬೆ. ಅದನ್ನು ಹಿಡಿದುಕೊಂಡು ಇವನು ಮೊದಲ ಸಲ ನೋಡಿದವನ ಹಾಗೆ ಬೆರಗಾಗಬೇಕಾಯಿತು. ನಂತರ ಮೈಕಿನ ಮುಂದೆ ನಿಂತು, ಮೂಗಿನಲ್ಲೇ, ಶುರು ಮಾಡಿದ. ಪತ್ರಿಕೆ, ಟೀವಿ, ರೇಡಿಯೋ, ಜಾಹೀರಾತು, ಸಾರ್ವಜನಿಕ ಸಂಪರ್ಕ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಮಾತ್ರ, ನೀಲಿ ಸ್ಕಾರ್ಫಿನವಳು, ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಇವನಿಗೆ ಆ ಹುಡುಗಿಯದೇ ಭಯ. ಹಿಂದಿನ ಸಾಲಿನಲ್ಲಿ ಮುನಿಕೃಷ್ಣ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗನೊಬ್ಬ ಮುಂದಿನವನ ಬೆನ್ನಿಗೆ ಏನೋ ಅಂಟಿಸುತ್ತಿದ್ದ. ಅವನು ಮೋಸ ಹೋಗುವವನಲ್ಲ, ಅವನ ಬಗ್ಗೆ ಚಿಂತೆಯಿಲ್ಲ. ಆದರೆ ಈ ಹುಡುಗಿ ತಾನು ಹೇಳಿದ್ದನ್ನೆಲ್ಲ ನಂಬಿಬಿಟ್ಟರೆ? ನಮ್ಮ ಬ್ಯಾಚಿನವರೆಲ್ಲ ಇವತ್ತು ದೊಡ್ಡ ದೊಡ್ಡ ಜಾಗದಲ್ಲಿದ್ದಾರೆ ಅಂದ. ಮಹೇಂದ್ರನ ಲೇಔಟು ದೊಡ್ಡ ಜಾಗವೇ. ಒಬ್ಬರು ಬಹಳ ಎತ್ತರಕ್ಕೆ ಹೋಗಿದ್ದಾರೆ ಅಂದ. ಸುಹೇಲನ ಡ್ರೋನು. ಒಂದೊಂದು ಸುಳ್ಳಿಗೂ ಹೀಗೆ ಒಂದು ಚೂರು ನಿಜದ ತೇಪೆ ಹಾಕಿಕೊಳ್ಳುವುದು ಇವನಿಗೆ ವಿಶ್ವವಿದ್ಯಾಲಯ ಕಲಿಸಿದ ವಿದ್ಯೆ, ಅಥವಾ ಹುಟ್ಟಿನಿಂದಲೇ ಬಂದದ್ದು. ಬದಿಯಲ್ಲಿ ನಿಂತಿದ್ದ ಮುಬಶ್ಶಿರಾ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಎಷ್ಟು ಜನ ಬಂದಾರು ಎಂದು ಅವಳು ಲೆಕ್ಕ ಹಾಕುತ್ತಿರುವುದು ಗೊತ್ತಾಗಿ, ಇವನು ವೇತನದ ವಿಷಯಕ್ಕೆ ಬಂದ, ಬಾಯಿಗೆ ಬಂದ ಅಂಕಿ ಹೇಳಿದ. ಮುನಿಕೃಷ್ಣ ಕೂಡ ತಲೆ ಎತ್ತಿದ.

ಆಗ ಕರೆಂಟು ಹೋಯಿತು. ಮೈಕು ಕುಂಯ್ ಎಂದು ಸತ್ತಿತು, ಫ್ಯಾನುಗಳು ನಿಂತವು, ಇಷ್ಟು ಹೊತ್ತು ಫ್ಯಾನಿನ ಸದ್ದಿನ ಕೆಳಗೆ ನಡೆಯುತ್ತಿದ್ದ ಮಾತುಗಳೆಲ್ಲ ಮೇಲಕ್ಕೆ ಬಂದವು. ಸಂವಹನಕ್ಕೆ ಅಡ್ಡ ಬರುವುದನ್ನೆಲ್ಲ ಗದ್ದಲ ಎಂದು ಕರೆಯುತ್ತಾರೆ, ಪ್ರಶ್ನೆಪತ್ರಿಕೆಯಲ್ಲಿ ಅದಕ್ಕೆ ಐದು ಅಂಕ. ಹಿಂದಿನ ಎರಡು ಸಾಲು ಎದ್ದು ಬಾಗಿಲ ಕಡೆ ನೋಡಿತು. ಅವರು ಹೋದರೆ ಮುಗಿಯಿತು, ಮುಬಶ್ಶಿರಾ ಮನೆಗೆ ಹೋದ ಹಾಗೆಯೇ. ಅವಳು ಇವನತ್ತ ನೋಡಿದಳು; ಏನಾದರೂ ಮಾಡೋ ಎನ್ನುವ ನೋಟ. ಇವನು ಕಾಲು ಅಗಲಿಸಿ ನಿಂತು, ಹೊಟ್ಟೆಯಿಂದ ಉಸಿರು ತೆಗೆದು, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಗಂಟಲು ತುಂಬಿ 'ವಿದ್ಯಾರ್ಥಿ ಮಿತ್ರರೇ' ಎನ್ನಲು ಹೋದ. ಆದರೆ ಆ ಎತ್ತರದಲ್ಲಿ ಅವನ ನಾಲಿಗೆಗೆ ಗೊತ್ತಿದ್ದದ್ದು ಒಂದೇ ಮಾತು.

'ನಾಗರಿಕ ಬಂಧುಗಳೇ!'

ಹೇಳಿದ್ದು ಅಷ್ಟೇ. ಸಭಾಂಗಣ ಗಕ್ಕನೆ ನಿಂತಿತು. ಅದೇ ಗಳಿಗೆಗೆ ಹೊರಗಿನ ಹಜಾರದಲ್ಲಿ ದಡದಡ ಹೆಜ್ಜೆಯ ಸದ್ದಾಗಿ, ಕಾಲೇಜು ಗುಡಿಸುವ ಮಾಯಮ್ಮ ಒಂದು ಕೈಯಲ್ಲಿ ಹಸಿರು ಬಕೆಟ್ಟು, ಇನ್ನೊಂದರಲ್ಲಿ ನೀಲಿ ಬಕೆಟ್ಟು ಹಿಡಿದು ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. 'ತಡೀರಪ್ಪಾ, ತಡೀರಿ, ಬತ್ತಾ ಇವ್ನಿ! ಗಾಡಿ ಇದ್ಯಾಕೆ ಇವತ್ತು ಈ ಕಡೆಯಿಂದ ಬಂದ್ಬುಡ್ತು?' ಎಂದು ಸುತ್ತ ನೋಡಿದಳು. ಗಾಡಿ ಇರಲಿಲ್ಲ. ವೇದಿಕೆಯ ಮೇಲೆ ಶಾಲು ಹೊದ್ದು, ಹಾರ ಹಾಕಿಕೊಂಡು, ಕೈಯಲ್ಲಿ ಬೊಂಬೆ ಹಿಡಿದ ತಜ್ಞನಿದ್ದ.

ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ನಗು ಅಂದರೆ ಅಂಥ ನಗು. ಬೆಂಚು ಬಡಿದರು, ಒಬ್ಬರ ಮೇಲೊಬ್ಬರು ಬಿದ್ದರು. ಮುನಿಕೃಷ್ಣ ಬೆಂಚಿನ ಮೇಲೆ ಹತ್ತಿ ನಿಂತು ಹೆಣ್ಣುದನಿ ಮಾಡಿ, 'ಅಣ್ಣಾ, ಬಾಳೆಹಣ್ಣಿನ ಸಿಪ್ಪೆ ಹಸಿನೋ ಒಣವೋ?' ಎಂದು ರಾಗ ಎಳೆದ. ಇಡೀ ಸಭಾಂಗಣ ಒಕ್ಕೊರಲಿನಿಂದ, 'ಹಸಿ ಕಸ ರತ್ನಕ್ಕಾ, ಹಸಿ ಕಸ!' ಎಂದು ಉತ್ತರ ಕೊಟ್ಟಿತು. ಕೋಡಿಹಳ್ಳಿಯ ಮಕ್ಕಳು, ಉಯ್ಯಂಬಳ್ಳಿಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುವ ಮಕ್ಕಳು, ಪಾಠದ ಒಂದು ಸಾಲು ಬಾಯಿಗೆ ಬಾರದವರು ಕೂಡ ಇದನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಜಯಕುಮಾರನ ಕಿವಿ ಬಿಸಿಯಾಯಿತು. ನಾಚಿಕೆ ಎಂದರೆ ಇದು ಎಂದುಕೊಂಡ, ಎಷ್ಟೋ ವರ್ಷದಿಂದ ಬಾಗಿಲ ಸಂದಿಯಲ್ಲಿ ಕಾಯುತ್ತಿದ್ದದ್ದು ಕೊನೆಗೂ ಒಳಗೆ ಬಂದಿತು. ಆದರೆ ಅದರ ಜೊತೆಗೇ, ಹೇಳಿದರೆ ಅವಮಾನ, ಒಂದು ಚೂರು ಹೆಮ್ಮೆಯೂ ಆಗಿ ಇವನು ಗಾಬರಿಯಾದ. ಬೋರಲಿಂಗಯ್ಯನವರಿಗೆ ಏನೂ ತಿಳಿಯಲಿಲ್ಲ. ಬೆಂಗಳೂರಿನಲ್ಲಿ ಅವರ ಬೀದಿಗೆ ಬರುವ ಗಾಡಿ ಬೇರೆ. 'ಏನಿದು? ಯಾರು ರತ್ನಕ್ಕ?' ಎಂದು ಮುಬಶ್ಶಿರಾಳನ್ನು ಕೇಳಿದರು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. 'ಗೊತ್ತಿಲ್ಲ ಸಾರ್' ಅಂದಳು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. 'ಸಾರ್, ನನ್ನ ಹೆಸರು ಅಸ್ರಾ. ಒಂದು ಡೌಟು' ಅಂದಳು. ಅವಳು ಮಾತ್ರ ನಗುತ್ತಿರಲಿಲ್ಲ, ಅದರಿಂದಲೇ ಉಳಿದವರೂ ಒಬ್ಬೊಬ್ಬರಾಗಿ ಸುಮ್ಮನಾದರು. 'ಅಣ್ಣ ನೀವು. ರತ್ನಕ್ಕ ಯಾರು ಸಾರ್? ಅವರೂ ಜರ್ನಲಿಸಂ ಓದಿದವರಾ?'

ಹೇಳಿಬಿಡಬಹುದಿತ್ತು. ಬಲಗಡೆ, ಮುಬಶ್ಶಿರಾಳತ್ತ ಕೈ ತೋರಿಸಿದ್ದರೆ ಸಾಕು, ಈ ನಗುವಿನಲ್ಲಿ ಅರ್ಧ ಪಾಲು ಅವಳ ತಲೆಗೆ ಹೋಗುತ್ತಿತ್ತು. ಆ ಅರ್ಧ ಪಾಲಿನ ಆಸೆ ಇವನಿಗೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ನಾಳೆಯಿಂದ ಅವಳು ಕರಿಹಲಗೆಯ ಮುಂದೆ ನಿಂತು ಏನು ಹೇಳಿದರೂ ಹಿಂದಿನ ಬೆಂಚು ಬಾಳೆಹಣ್ಣಿನ ಸಿಪ್ಪೆ ಕೇಳುತ್ತದೆ. ಮಾಗಡಿಗೆ ಮಾತ್ರ ಎಂದು ಕೊಟ್ಟ ಮಾತಂತೂ ಮುರಿದಿತ್ತು, ಇದನ್ನಾದರೂ ಉಳಿಸಬೇಕು. ಗೊತ್ತಿಲ್ಲ ಎಂದರೆ ಈ ಹುಡುಗಿ ಬಿಡುವವಳಲ್ಲ. ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಇವನ ಬಾಯಿಂದ ಸುದ್ದಿಯೊಂದು ತಾನಾಗಿ ಹೊರಡುತ್ತಿತ್ತು, ಈಗಲೂ ಹೊರಟಿತು. ತಲೆ ತಗ್ಗಿಸಿ, ಮೂಗು ಗೀಗು ಎಲ್ಲ ಮರೆತು, ಗಾಡಿಯ ದನಿಯಲ್ಲೇ, 'ರತ್ನಕ್ಕ ತೀರಿಕೊಂಡರಮ್ಮ' ಅಂದ.

ಅವನು ಎಣಿಸಿದ್ದು ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ, ವಿಷಯ ಮುಗಿಯುತ್ತದೆ ಎಂದು. ಸಾವಿನ ಸುದ್ದಿ ಈ ಜನರಲ್ಲಿ ಹಾಗೆ ಮುಗಿಯುವುದಿಲ್ಲ ಎಂಬುದನ್ನು ಇದೇ ಸೀಮೆಯವನಾಗಿಯೂ ಮರೆತಿದ್ದ. ಬಾಗಿಲಲ್ಲಿ ಎರಡು ಬಕೆಟ್ಟುಗಳೂ ಠಣ್ಣೆಂದು ನೆಲಕ್ಕೆ ಬಿದ್ದವು. 'ಅಯ್ಯೋ ನನ್ನವ್ವಾ!' ಎಂದು ಮಾಯಮ್ಮ ಅಲ್ಲೇ ಕುಸಿದಳು. 'ಯಾವಾಗ್ ಹೋದ್ಲಪ್ಪಾ? ಏನಾಗಿತ್ತು? ದಿನಾ ಬೆಳಿಗ್ಗೆ ನನ್ನ ಕೂಡೆ ಮಾತಾಡೋಳು, ಇವತ್ತು ಬೆಳಿಗ್ಗೇನೂ ನಮ್ಮ ಬೀದೀಲಿ ನಗ್ತಾ ನಗ್ತಾ ಇದ್ಲಲ್ಲಾ!' ಹುಡುಗಿಯರ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಮುನಿಕೃಷ್ಣ ಬೆಂಚಿನಿಂದ ಇಳಿದು, 'ಸಾರಿ ಸಾರ್, ನಂಗೆ ಗೊತ್ತಿರ್ಲಿಲ್ಲ' ಅಂದ, ಅವನ ಮುಖ ನಿಜವಾಗಿಯೂ ಸಣ್ಣಗಾಗಿತ್ತು. ಬೋರಲಿಂಗಯ್ಯನವರಿಗೆ ಈಗ ಮಾತ್ರ ತಮಗೆ ಗೊತ್ತಿರುವ ಜಾಗಕ್ಕೆ ಬಂದಂತಾಯಿತು. ಎದ್ದು ನಿಂತು, ಶರಟಿನ ತೋಳು ಸರಿಮಾಡಿಕೊಂಡು, 'ಆತ್ಮೀಯರೇ, ಶ್ರೀಮತಿ ರತ್ನಕ್ಕನವರ ನಿಧನದ ವಿಷಯ ತಿಳಿದು ನಮ್ಮ ಕಾಲೇಜು ಪರಿವಾರಕ್ಕೆ ತುಂಬಲಾರದ ನಷ್ಟವಾಗಿದೆ. ಮೃತರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ' ಅಂದು ಕಣ್ಣು ಮುಚ್ಚಿದರು.

ಎಲ್ಲರೂ ನಿಂತರು. ಕೈ ಕಟ್ಟಿ, ತಲೆ ಬಗ್ಗಿಸಿ, ಕನಕಪುರದ ಆ ಸಭಾಂಗಣವಿಡೀ ಹಾಲಿನ ಕವರು ಎಲ್ಲಿ ಹಾಕಬೇಕೆಂದು ತಿಳಿಯದ ಒಬ್ಬ ಹೆಂಗಸಿಗಾಗಿ ನಿಂತಿತು. ಜಯಕುಮಾರ ಬೊಂಬೆಯನ್ನು ಎದೆಗೊತ್ತಿಕೊಂಡು ನಿಂತ. ಹೊರಗೆ ಎಲ್ಲೋ ಟ್ರ್ಯಾಕ್ಟರು ಹೋದ ಸದ್ದು. ಮಾಗಡಿಯ ಆ ಮೊಟ್ಟೆ ಟ್ರೇಗಳ ಕೋಣೆ ನೆನಪಾಯಿತು. ಅಲ್ಲಿ ಸೆಕೆಯೋ ಸೆಕೆ, ಇನ್ನೊಂದು ಟೇಕ್ ಬೇಕಾ ಅಂದಳು ಮುಬಶ್ಶಿರಾ, ಬೇಡ, ನಗು ಚೆನ್ನಾಗಿ ಬಂದಿದೆ ಅಂದ ಇವನು, ಎಂಥಾ ಚೆನ್ನ, ನನ್ನ ಅಮ್ಮಿ ಕೇಳಿದರೆ ಕೊಲ್ಲುತ್ತಾರೆ ಅಂದಳು. ಕೊಂದದ್ದು ಇವನು. ಕಣ್ಣಿನ ಅಂಚಿನಿಂದ ಬಲಗಡೆ ನೋಡಿದ. ಅವಳೂ ತಲೆ ಬಗ್ಗಿಸಿ ಎಲ್ಲರ ಹಾಗೆ ನಿಂತಿದ್ದಳು, ತನ್ನ ಸಾವಿಗೆ ತಾನೇ. ಭುಜ ನಡುಗುತ್ತಿತ್ತು. ಅಳುತ್ತಿದ್ದಾಳೆ. ಇಷ್ಟು ವರ್ಷ ಎರಡು ಬಸ್ಸು ಬದಲಾಯಿಸಿ ಬಂದು ಪಾಠ ಹೇಳಿ, ಕೊನೆಗೆ ಇವನೊಬ್ಬನನ್ನು ಕರೆದು ಎಲ್ಲ ಹಾಳು ಮಾಡಿಕೊಂಡಳಲ್ಲ ಎಂದುಕೊಂಡ. ಕ್ಷಮಿಸು ಎಂದು ಮನಸ್ಸಿನಲ್ಲೇ ಅಂದ, ಅದನ್ನು ಬಾಯಿಬಿಟ್ಟು ಹೇಳಲು ಇಷ್ಟು ವರ್ಷದಲ್ಲಿ ಒಂದು ಫೋನ್ ಕಾಲೂ ಸಾಲದೆ ಹೋಗಿತ್ತು. ಮಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, 'ಅಷ್ಟು ಒಳ್ಳೇ ಹೆಂಗ್ಸು, ಬುದ್ಧಿ ಒಸಿ ಕಮ್ಮಿ ಅಷ್ಟೇಯ' ಎಂದು ಬಿಕ್ಕಿದಳು. ಮುಬಶ್ಶಿರಾಳ ಮೂಗಿನಿಂದ ವಿಚಿತ್ರ ಸದ್ದೊಂದು ಹೊರಟಿತು. ಅವಳು ಸ್ಕಾರ್ಫಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಇನ್ನೊಂದು ಸದ್ದು. ಇಲ್ಲ, ಅಳುತ್ತಿರಲಿಲ್ಲ. ಒತ್ತಿಕೊಂಡಷ್ಟೂ ಅದು ಉಕ್ಕಿತು, ಕೊನೆಗೆ ಸ್ಕಾರ್ಫು ಬಿಟ್ಟು ತಲೆ ಎತ್ತಿ, ಆ ಮೌನದ ನಟ್ಟನಡುವೆ, ರಾಗವನ್ನು ಒಂದಿಷ್ಟೂ ಕಮ್ಮಿ ಮಾಡದೆ ಹೇಳಿದಳು:

'ಅಯ್ಯೋ, ನಾನು ಎಲ್ಡೂವೆ ಒಂದೇ ಬಕೆಟ್ಗೆ ಹಾಕ್ಬುಟ್ಟಿದ್ನಲ್ಲಣ್ಣಾ!'

ಆಮೇಲೆ ಆ ನಗು. ಮೊಟ್ಟೆ ಟ್ರೇಯ ನಗು.

'ಬದ್ಕವ್ಳೆ!' ಎಂದು ಮಾಯಮ್ಮ ಕಿರುಚಿದಳು. 'ರತ್ನಕ್ಕ ಬದ್ಕವ್ಳೆ ಕಣ್ರೋ! ನಮ್ಮ ಮೇಡಮ್ಮೇಯ!' ಅವಳು ಓಡಿಬಂದು ಮುಬಶ್ಶಿರಾಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. ಸಭಾಂಗಣದ ಸೂರು ಹಾರಿಹೋಗುವುದೊಂದು ಬಾಕಿ. ನಿಮಿಷ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಬೋರಲಿಂಗಯ್ಯನವರು ಕಣ್ಣು ಮುಚ್ಚಿಯೇ ನಿಂತಿದ್ದರು.

ಮುಬಶ್ಶಿರಾ ವೇದಿಕೆ ಹತ್ತಿದಳು. ಕಣ್ಣು ಒರೆಸಿಕೊಂಡಳು. ಕರೆಂಟು ಬಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. 'ಹೂಂ ಕಣ್ರೋ, ನಾನೇ' ಅಂದಳು. ಇಸ್ತ್ರಿಯ ದನಿಯಲ್ಲ, ರತ್ನಕ್ಕನದೂ ಅಲ್ಲ, ಪಕ್ಕದ ಬೆಂಚಿನವಳ ದನಿ. 'ಸಾರ್ ಹೇಳಿದ ಕೆಲಸಗಳೆಲ್ಲ ಎಲ್ಲೋ ಇವೆ. ನಂಗೆ ಸಿಗಲಿಲ್ಲ, ಸಾರ್‌ಗೂ ಸಿಗಲಿಲ್ಲ. ಎಂ.ಎ. ಮಾಡಿ ನಮಗೆ ಸಿಕ್ಕಿದ ಮೊದಲನೇ ಕೆಲಸ ಇದೇನೇ. ನಿಮ್ಮ ಮುಂದೆ ಹೇಳೋಕೆ ಮರ್ಯಾದೆ ಹೋಗುತ್ತೆ ಅಂತ ಹೆದರಿಕೊಂಡಿದ್ದೆ. ಈಗ ನಿಂತು ಶ್ರದ್ಧಾಂಜಲಿನೂ ಸಲ್ಲಿಸಿಬಿಟ್ರಿ, ಇನ್ನೇನು ಹೋಗೋದಿದೆ? ನಂಗೆ ಈ ಪಾಠ ಮಾಡೋದು ಇಷ್ಟ. ನೀವು ಸೇರದೆ ಇದ್ರೆ ಇದು ಮುಚ್ಚುತ್ತೆ, ನಾನು ಮನೇಲಿರ್ತೀನಿ. ಅಷ್ಟೇ ವಿಷಯ.' ಮುನಿಕೃಷ್ಣ ಕೈ ಎತ್ತಿದ. 'ಮೇಡಂ, ಜರ್ನಲಿಸಂ ತಕ್ಕೊಂಡ್ರೆ ನಮ್ಮನ್ನೂ ಗಾಡಿಲಿ ಹಾಕ್ತೀರಾ?' 'ನಿನ್ನನ್ನ ಹಸಿ ಕಸದಲ್ಲಿ ಹಾಕ್ತೀನಿ, ಕೂತ್ಕೊ' ಅಂದಳು. ಅಸ್ರಾ ಇನ್ನೂ ನಿಂತೇ ಇದ್ದಳು. 'ನಿಮ್ಮನೇಲಿ ಏನಂದ್ರು ಮೇಡಂ?' ಎಂದು ಕೇಳಿದಳು. ಮುಬಶ್ಶಿರಾ ಸ್ಕಾರ್ಫು ಸರಿಮಾಡಿಕೊಂಡಳು. 'ನಮ್ಮನೇಲಿ ಗೊತ್ತಿಲ್ಲ. ಇವತ್ತು ಸಾಯಂಕಾಲ ಹೇಳ್ತೀನಿ.'

ಆ ಭಾನುವಾರ ಬೆಳಿಗ್ಗೆ ಅವಳ ಫೋನು ಬಂದಾಗ ಜಯಕುಮಾರ ರೂಮಿನಲ್ಲಿ ಕೂತು, ಒಂದೇ ಕವರಿನಲ್ಲಿದ್ದದ್ದನ್ನು ಎರಡು ಮಾಡುತ್ತಿದ್ದ. ಈ ವಾರದಲ್ಲಿ ಶುರುವಾದ ಹುಚ್ಚು. 'ಬ್ಯಾಚು ನಿಂತಿತು ಕಣೋ' ಅಂದಳು. 'ಬೇಕಾದ್ದಕ್ಕಿಂತ ಜಾಸ್ತಿನೇ ಸೇರಿದಾರೆ. ಅಸ್ರಾ ಮೊದಲನೇಳು. ಮುನಿಕೃಷ್ಣ ಅಂತೂ ಈಗಲೇ ಪ್ರಿನ್ಸಿಪಾಲರ ದನಿ ಮಾಡ್ಕೊಂಡು ತಿರುಗ್ತಿದಾನೆ.' ಇವನು ಕೈಯಲ್ಲಿದ್ದ ಸಿಪ್ಪೆಯನ್ನು ಹಸಿ ಕಸದ ಕವರಿಗೆ ಹಾಕಿದ. ಆಮೇಲೆ, 'ಕ್ಷಮಿಸು ಮುಬಶ್ಶಿರಾ, ಮಾಗಡಿದು' ಅಂದ. 'ಹೋಗಲಿ ಬಿಡು' ಅಂದಳು. 'ಅಮ್ಮಿಗೆ ಹೇಳಿದ್ಯಾ?' 'ಎಲ್ಲೋ? ದಿನಾ ರಾತ್ರಿ ಊಟಕ್ಕೆ ಕೂತಾಗ ಬಾಯಿ ತೆರೀತೀನಿ, ಇನ್ನೊಂದು ರೊಟ್ಟಿ ಬೇಕಾ ಅಂತಾರೆ. ಇವತ್ತು ಹೇಳೇ ಹೇಳ್ತೀನಿ, ಯಾರಾದ್ರೂ ಹೇಳೋಕೆ ಮುಂಚೆ.' ಅಷ್ಟರಲ್ಲಿ ಫೋನಿನ ಆ ತುದಿಯಲ್ಲಿ, ದೂರದಿಂದ ಹತ್ತಿರವಾಗುತ್ತ, ಇವನ ದನಿ ನಾಗರಿಕ ಬಂಧುಗಳನ್ನು ಕರೆಯತೊಡಗಿತು. ಗಾಡಿ ಅವಳ ಬಾಗಿಲಿಗೆ ಬಂದು ನಿಂತಿತು. ರತ್ನಕ್ಕ ಬಾಳೆಹಣ್ಣಿನ ಸಿಪ್ಪೆಯ ವಿಷಯ ಕೇಳಿದಳು. ಇಬ್ಬರೂ ಕಿವಿಗೊಟ್ಟರು. ಬಾಗಿಲು ತೆರೆದ ಸದ್ದಾಯಿತು, ಬಕೆಟ್ಟುಗಳ ಸದ್ದಾಯಿತು, ಮುನ್ನೀಯ ದನಿ ಬೀದಿಗೆಲ್ಲ ಕೇಳುವ ಹಾಗೆ ಎದ್ದಿತು.

'ಏ ರತ್ನಕ್ಕ, ಒಂದು ಗಳಿಗೆ ಬಾಯಿ ಮುಚ್ಕಂಡಿರೇ! ಕಾಲೇಜಲ್ಲಿ ಪಾಠ ಮಾಡೋ ನನ್ನ ಮಗಳು ಒಳಗೆ ಫೋನಲ್ಲಿ ಮಾತಾಡ್ತಾ ಅವ್ಳೆ!'